ಡಿಸ್ಕ್ ಅಳೆಯಲು ಹೊರಟಾಗ: ಟಿ2 ಮ್ಯಾಪಿಂಗ್ ಮಾಡಿದ ನನ್ನ ಅನುಭವ

ಬೆನ್ನಿನ ಡಿಸ್ಕ್ ಸವೆದಿದೆ ಅಂತ ಎಂಆರ್‌ಐ ರಿಪೋರ್ಟಿನಲ್ಲಿ ಬರೆಯುವುದು ಸುಲಭ. ಎಷ್ಟು ಸವೆದಿದೆ ಅಂತ ಕೇಳಿದರೆ ತಡವರಿಸುತ್ತೇವೆ. ಹೆಚ್ಚಿನವರು ಬಳಸುವುದು 2001ರಲ್ಲಿ ಬಂದ ಫಿರ್‌ಮನ್ ಗ್ರೇಡಿಂಗ್. ಡಿಸ್ಕ್ ಬೆಳ್ಳಗೆ ಹೊಳೆಯುತ್ತಿದ್ದರೆ 1, ಕಪ್ಪಾಗಿ ಕುಸಿದಿದ್ದರೆ 5, ಉಳಿದದ್ದೆಲ್ಲ ಮಧ್ಯೆ. ಕೆಟ್ಟ ಪದ್ಧತಿಯೇನಲ್ಲ. ಆದರೆ ಒಂದೇ ಡಿಸ್ಕ್ ನೋಡಿ ಒಬ್ಬರು 3 ಅಂದರೆ ಇನ್ನೊಬ್ಬರು 4 ಅನ್ನುವುದು ಮಾಮೂಲು, ಮತ್ತೆ ನಿಧಾನಕ್ಕೆ ಬದಲಾಗುವ ಡಿಸ್ಕ್ ವರ್ಷಗಟ್ಟಲೆ 3ರಲ್ಲೇ ಕೂತಿರುತ್ತದೆ. ಆ ಸಣ್ಣ ಬದಲಾವಣೆ ಹಿಡಿಯೋಣ ಅಂತ ನಾವು ಟಿ2 ಮ್ಯಾಪಿಂಗ್‌ಗೆ ಕೈ ಹಾಕಿದೆವು.

ವಿಷಯ ಇಷ್ಟೇ. ಡಿಸ್ಕಿನ ನಡುವೆ ಮೆತ್ತನೆಯ ತಿರುಳಿದೆ, ನ್ಯೂಕ್ಲಿಯಸ್ ಅಂತೀವಲ್ಲ, ಅದು. ಎಳೆ ವಯಸ್ಸಿನಲ್ಲಿ ಅದರ ಶೇ 80ರಷ್ಟು ನೀರೇ. ಆ ನೀರನ್ನು ಹಿಡಿದಿಡುವುದು ಪ್ರೋಟಿಯೋಗ್ಲೈಕನ್ ಅನ್ನುವ ದೊಡ್ಡ ಅಣುಗಳು. ಅವು ಕಡಿಮೆಯಾದರೆ ನೀರೂ ಕಡಿಮೆ, ನೀರು ಕಡಿಮೆಯಾದರೆ ಎಂಆರ್ ಸಿಗ್ನಲ್ ಬೇಗ ಆರಿಹೋಗುತ್ತದೆ. ಸಿಗ್ನಲ್ ಶೇ 37ಕ್ಕೆ ಇಳಿಯಲು ಎಷ್ಟು ಮಿಲಿಸೆಕೆಂಡ್ ಬೇಕೋ ಅದೇ ಟಿ2. ಒಂದೇ ಜಾಗದ ಚಿತ್ರವನ್ನು ಬೇರೆ ಬೇರೆ ಎಕೋ ಸಮಯಕ್ಕೆ (ಎಕೋ ಅಂದರೆ ದೇಹದಿಂದ ಮರಳಿ ಬರುವ ಸಿಗ್ನಲ್) ತೆಗೆದು, ಪ್ರತಿ ಪಿಕ್ಸೆಲ್‌ಗೂ ಇಳಿಯುವ ಗೆರೆ ಕೂರಿಸಿದರೆ ಮ್ಯಾಪ್ ಸಿದ್ಧ. ಸಾಫ್ಟ್‌ವೇರ್ ಬಣ್ಣ ಬಳಿದೂ ಕೊಡುತ್ತದೆ, ನೋಡಲು ಚೆಂದ. ಅಂಕಿ ಬರುವುದು ಕಷ್ಟವೇ ಅಲ್ಲ. ಬಂದ ಅಂಕಿ ಡಿಸ್ಕಿನದೋ, ಮಷಿನ್ನಿನದೋ, ಸ್ಕ್ಯಾನ್ ಮಾಡಿದ ಹೊತ್ತಿನದೋ ಅಂತ ಬಿಡಿಸುವುದೇ ನಿಜವಾದ ಕೆಲಸ.

ಮೊದಲು ಎಕೋಗಳ ಕಥೆ. ನಮಗೆ ರೆಡಿ ಇದ್ದದ್ದು ಮೊಣಕಾಲಿನ ಕಾರ್ಟಿಲೇಜಿಗೆ ಮಾಡಿದ ಪ್ರೋಟೋಕಾಲ್, ಕೊನೆಯ ಎಕೋ 80 ಮಿಲಿಸೆಕೆಂಡಿನ ಆಸುಪಾಸು. ಕಾರ್ಟಿಲೇಜಿನ ಟಿ2 ಸುಮಾರು 30ರಿಂದ 50, ಅಲ್ಲಿಗೆ ಅದು ಸಾಕು. ಚೆನ್ನಾಗಿರುವ ಡಿಸ್ಕಿನ ನ್ಯೂಕ್ಲಿಯಸ್ 100 ದಾಟುತ್ತದೆ. ಟಿ2 150 ಇರುವ ಒಂದು ಪಿಕ್ಸೆಲ್ ತೆಗೆದುಕೊಳ್ಳಿ: 80 ಮಿಲಿಸೆಕೆಂಡ್ ಆದ ಮೇಲೂ ಶೇ 59ರಷ್ಟು ಸಿಗ್ನಲ್ ಉಳಿದೇ ಇರುತ್ತದೆ. ಅರ್ಧವೂ ಇಳಿಯದ ಗೆರೆ ನೋಡಿ ಅದು ಎಲ್ಲಿ ಹೋಗಿ ಮುಟ್ಟುತ್ತದೆ ಅಂತ ಹೇಳುವುದು ಸುಮ್ನೆ ಊಹೆ. ಹಾಗಾಗಿ ಎಕೋ ಸಾಲನ್ನು ಉದ್ದ ಮಾಡಿದೆವು. ಆಗ ಇನ್ನೊಂದು ತೊಂದರೆ ಎದುರಾಯಿತು. ಒಣಗಿದ ಡಿಸ್ಕಿನಲ್ಲಿ ಟಿ2 50 ಇದ್ದರೆ 150 ಮಿಲಿಸೆಕೆಂಡಿನ ಹೊತ್ತಿಗೆ ಉಳಿಯುವುದು ಶೇ 5 ಮಾತ್ರ, ಅದು ಹಿನ್ನೆಲೆ ಗದ್ದಲದಲ್ಲಿ, ಅಂದರೆ ನಾಯ್ಸ್‌ನಲ್ಲಿ ಮುಳುಗಿಹೋಗುತ್ತದೆ. ನಾವು ನೋಡುವ ಎಂಆರ್ ಚಿತ್ರದಲ್ಲಿ ನಾಯ್ಸ್ ಯಾವತ್ತೂ ಸೊನ್ನೆಗಿಂತ ಮೇಲೇ ಇರುತ್ತದೆ, ಗೆರೆಯ ಬಾಲ ಚಪ್ಪಟೆಯಾಗಿ ನಿಂತುಬಿಡುತ್ತದೆ, ಲೆಕ್ಕದಲ್ಲಿ ಟಿ2 ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಅಂದರೆ ಹಾಳಾದ ಡಿಸ್ಕೇ ಸ್ವಲ್ಪ ಒಳ್ಳೆಯದಾಗಿ ಕಾಣುತ್ತದೆ! ನಾಯ್ಸ್ ಮಟ್ಟಕ್ಕೆ ಇಳಿದ ಬಿಂದುಗಳನ್ನು ಪಿಕ್ಸೆಲ್ ಪಿಕ್ಸೆಲ್‌ಗೆ ಕತ್ತರಿಸಿಯೇ ಗೆರೆ ಕೂರಿಸಬೇಕು.

ಮೊದಲನೇ ಎಕೋವನ್ನೂ ಬಿಡುತ್ತೇವೆ. ಎಕೋ ಹುಟ್ಟಿಸಲು ಕೊಡುವ 180 ಡಿಗ್ರಿ ರೇಡಿಯೋ ಪಲ್ಸ್‌ಗಳು ಹೆಸರಿಗೆ 180, ಎಲ್ಲ ಕಡೆ ಅಷ್ಟೇ ಇರುವುದಿಲ್ಲ. ಆ ಕೊರತೆಯಿಂದ ಹುಟ್ಟುವ ಸ್ಟಿಮ್ಯುಲೇಟೆಡ್ ಎಕೋಗಳು ಎರಡನೆಯದರಿಂದ ಬಂದು ಸೇರಿಕೊಳ್ಳುತ್ತವೆ, ಮೊದಲನೆಯದು ಒಂದೇ ಕೆಳಗೆ ಬಿದ್ದಿರುತ್ತದೆ. ಬಿಟ್ಟರೆ ಸಮಸ್ಯೆ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಅದಕ್ಕೇ ಟಿ2 ಗೊತ್ತಿರುವ ಮ್ಯಾಂಗನೀಸ್ ಕ್ಲೋರೈಡ್ ದ್ರಾವಣದ ಬಾಟಲಿಗಳನ್ನು ಫ್ಯಾಂಟಮ್ ಆಗಿ, ಅಂದರೆ ರೋಗಿಯ ಬದಲು ಇಟ್ಟು ಮಷಿನ್ ಪರೀಕ್ಷಿಸಲು, ಆಗಾಗ ಸ್ಕ್ಯಾನ್ ಮಾಡುತ್ತೇವೆ. ಬಾಟಲಿಯ ಅಂಕಿ ಜರುಗಿದರೆ ರೋಗಿಯ ಅಂಕಿ ನಂಬುವ ಹಾಗಿಲ್ಲ.

ಇನ್ನು ಹೊತ್ತು. ರಾತ್ರಿಯಿಡೀ ಮಲಗಿದಾಗ ಡಿಸ್ಕ್ ನೀರು ಹೀರಿಕೊಳ್ಳುತ್ತದೆ, ಹಗಲೆಲ್ಲ ಭಾರ ಬಿದ್ದಂತೆ ಬಿಡುತ್ತದೆ. ಬೆಳಿಗ್ಗೆ ನಾವು ರಾತ್ರಿಗಿಂತ ಸುಮಾರು ಒಂದೂವರೆ ಸೆಂಟಿಮೀಟರ್ ಎತ್ತರ ಇರುವುದು ಹೆಚ್ಚಾಗಿ ಇದರಿಂದಲೇ. ಟಿ2 ಕೂಡ ಇದರ ಜೊತೆ ಏರಿಳಿಯುತ್ತದೆ, ಚೆನ್ನಾಗಿರುವ ಡಿಸ್ಕಿನಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಬಿಡಲು ಅದರಲ್ಲಿ ನೀರಿದೆಯಲ್ಲ. ಬೆಳಿಗ್ಗೆ ಒಂದು ಸ್ಕ್ಯಾನ್, ಆರು ತಿಂಗಳ ನಂತರ ಸಂಜೆ ಇನ್ನೊಂದು ಮಾಡಿ ಡಿಸ್ಕ್ ಇಳಿದಿದೆ ಅಂದರೆ ಏನು ಅರ್ಥ ಹೇಳಿ? ನಾವು ಎರಡೂ ಸಲ ಒಂದೇ ಹೊತ್ತಿಗೆ ಕರೆಯುತ್ತೇವೆ, ಬಂದವರನ್ನು ಅರ್ಧ ಗಂಟೆ ಮಲಗಿಸುತ್ತೇವೆ, ಟಿ2 ಸೀಕ್ವೆನ್ಸ್ ಪ್ರತಿ ಸಲವೂ ಸ್ಕ್ಯಾನಿನ ಅದೇ ಹಂತದಲ್ಲಿ ಓಡಿಸುತ್ತೇವೆ. ಸ್ಲಾಟ್ ಕೊಡುವವರಿಗೆ ಇದು ತಲೆನೋವು. ಅವರ ಜೊತೆ ಮಾಡಿದ ವಾದದ ಮುಂದೆ ಭೌತಶಾಸ್ತ್ರ ಏನೂ ಅಲ್ಲ.

ಡಿಸ್ಕಿನ ಸುತ್ತ ಗೆರೆ ಎಳೆಯುವ ಕೆಲಸವೂ ಕೈಗೆ ಬಿಟ್ಟದ್ದೇ. ಚಿತ್ರದಲ್ಲಿ ಸೊಂಟದ ಎಲ್4-ಎಲ್5 ಡಿಸ್ಕ್ ಎತ್ತರಕ್ಕೆ ಕೆಲವೇ ಪಿಕ್ಸೆಲ್ ಇರುತ್ತದೆ. ನಿಮ್ಮ ಗುರುತು ಮೇಲೆ ಒಂದು ಪಿಕ್ಸೆಲ್ ಜಾಸ್ತಿ ಹೋದರೂ ಡಿಸ್ಕಿಗೂ ಮೂಳೆಗೂ ನಡುವಿನ ಎಂಡ್‌ಪ್ಲೇಟ್ ಸೇರಿಕೊಂಡು ಸರಾಸರಿ ಕೆಡುತ್ತದೆ. ನಾನು ಎರಡು ಕಡೆಯೂ ಒಂದೊಂದು ಪಿಕ್ಸೆಲ್ ಒಳಗೇ ನಿಲ್ಲುತ್ತೇನೆ. ಎಳೆಯ ಡಿಸ್ಕಿನಲ್ಲಿ ನ್ಯೂಕ್ಲಿಯಸ್ ಎಲ್ಲಿ ಮುಗಿದು ಸುತ್ತಲಿನ ಆನ್ಯುಲಸ್ ಎಲ್ಲಿ ಶುರು ಅಂತ ಕಣ್ಣಿಗೇ ಕಾಣುತ್ತದೆ, ಹಳೆಯದರಲ್ಲಿ ಎರಡೂ ಕಲಸಿಹೋಗಿರುತ್ತವೆ. ಅಲ್ಲಿ ಕಣ್ಣಿನ ಅಂದಾಜು ನಡೆಯುವುದಿಲ್ಲ. ಅದಕ್ಕೆ ಡಿಸ್ಕನ್ನು ಮುಂದಿನಿಂದ ಹಿಂದಕ್ಕೆ ಐದು ಸಮ ಭಾಗ ಮಾಡಿ, ಮುಂದಿನದು, ಹಿಂದಿನದು ಆನ್ಯುಲಸ್, ನಡುವಿನದು ನ್ಯೂಕ್ಲಿಯಸ್ ಅಂತ ಇಟ್ಟುಕೊಂಡೆವು. ಒರಟು ನಿಯಮ, ನಿಜ. ಆದರೆ ಯಾರು ಎಳೆದರೂ ಹೆಚ್ಚು ಕಡಿಮೆ ಅದೇ ಬರುತ್ತದೆ. ಅಂದ ಹಾಗೆ, ಫೇಸ್ ದಿಕ್ಕನ್ನು (ಅಲುಗಾಟದ ನೆರಳು ಚಿತ್ರದಲ್ಲಿ ಹರಡುವ ದಿಕ್ಕು) ತಲೆಯಿಂದ ಕಾಲಿಗೆ ಇಡಿ. ಇಲ್ಲದಿದ್ದರೆ ಮಹಾಧಮನಿಯ ಬಡಿತ, ಕರುಳಿನ ಅಲುಗಾಟ ಎಲ್ಲ ಬೆನ್ನಿನ ಮೇಲೇ ನೆರಳಾಗಿ ಬೀಳುತ್ತವೆ.

ಟಿ1ರೋ ಅನ್ನುವ ಇನ್ನೊಂದು ಎಂಆರ್ ಅಳತೆಯನ್ನೂ ಮಾಡಿದ್ದೇವೆ. ಪ್ರೋಟಿಯೋಗ್ಲೈಕನ್‌ಗೆ ಅದು ಇನ್ನೂ ಹತ್ತಿರದ ಅಳತೆ, ಆದರೆ ಸಮಯ ಜಾಸ್ತಿ, ಕಾಂತಕ್ಷೇತ್ರ ಸ್ವಲ್ಪ ಏರುಪೇರಾದರೂ ಪಟ್ಟಿ ಪಟ್ಟಿ ಬರುತ್ತದೆ. ದಿನನಿತ್ಯಕ್ಕೆ ನನ್ನ ಮತ ಟಿ2ಗೇ.

ರಿಪೋರ್ಟಿನಲ್ಲಿ ಬರಿ ಅಂಕಿ ಬರೆಯುವುದಿಲ್ಲ. ಮಷಿನ್ 1.5 ಟೆಸ್ಲಾನೋ 3 ಟೆಸ್ಲಾನೋ, ಯಾವ ಎಕೋಗಳು, ಎಷ್ಟು ಗಂಟೆಗೆ ಮಾಡಿದ್ದು ಅಂತ ಜೊತೆಗೇ ಹಾಕುತ್ತೇವೆ. ಒಬ್ಬರನ್ನೇ ಎಬ್ಬಿಸಿ, ಮತ್ತೆ ಮಲಗಿಸಿ ಸ್ಕ್ಯಾನ್ ಮಾಡಿದಾಗ ಬರುವ ವ್ಯತ್ಯಾಸವನ್ನೂ ಬರೆಯುತ್ತೇವೆ, ಅದಕ್ಕಿಂತ ಚಿಕ್ಕ ಬದಲಾವಣೆಯನ್ನು ಬದಲಾವಣೆ ಅನ್ನುವುದಿಲ್ಲ. "ನಂದು 60 ಬಂದಿದೆ, ನೋವು ಇದರಿಂದಲೇನಾ?" ಅಂತ ಕೇಳುವವರಿಗೆ ಮಾತ್ರ ಅಂಕಿಯಲ್ಲಿ ಉತ್ತರ ಇಲ್ಲ. 2015ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆ ಪ್ರಕಾರ, ಬೆನ್ನು ನೋವೇ ಇಲ್ಲದ 20 ವರ್ಷದವರಲ್ಲೂ ಶೇ 37 ಜನರಿಗೆ ಡಿಸ್ಕ್ ಸವೆತ ಕಾಣುತ್ತದೆ, 80 ವರ್ಷದವರಲ್ಲಿ ಶೇ 96. ಹಾಗೆ ಕೇಳುವವರನ್ನು ಅವರ ಪರೀಕ್ಷೆ ಮಾಡಿದ ಡಾಕ್ಟರ ಹತ್ತಿರವೇ ವಾಪಸ್ ಕಳಿಸುತ್ತೇವೆ.