ಸೆಷನ್ ಟಿಪ್ಪಣಿ: ನಾನು ಬರೆಯುವ ಬಗೆ

50 ನಿಮಿಷದ ಆಪ್ತಸಮಾಲೋಚನೆಯ ಸೆಷನ್ ಮುಗಿದ ಮೇಲೆ ಮುಂದಿನ ಕ್ಲೈಂಟ್ ಬರುವ ಮೊದಲು ಸಿಗುವ 10 ನಿಮಿಷದಲ್ಲೇ ಟಿಪ್ಪಣಿ ಬರೆದು ಮುಗಿಸುತ್ತೇನೆ. ಸಂಜೆಗೆಂದು ಉಳಿಸಿದರೆ ಒಬ್ಬರ ಮಾತು ಇನ್ನೊಬ್ಬರದಕ್ಕೆ ಕಲಸಿಕೊಂಡು, ಕೊನೆಗೆ 'ಆತಂಕದ ಬಗ್ಗೆ ಮಾತಾಡಿದೆವು' ಎಂಬ ಸಪ್ಪೆ ಸಾಲಷ್ಟೇ ಕೈಗೆ ಸಿಗುತ್ತದೆ.

ಅರ್ಧ ಪುಟ ಸಾಕು. ದಿನಾಂಕ, ಶುರುವಾದ ಮತ್ತು ಮುಗಿದ ಸಮಯ, ಮುಖಾಮುಖಿಯೋ ವಿಡಿಯೋ ಕರೆಯೋ ಎಂಬುದು ಮೊದಲು. ಆಮೇಲೆ ಕ್ಲೈಂಟ್ ಹೇಳಿದ್ದು, ನಾನು ಕಂಡದ್ದು, ಅದರಿಂದ ನನಗೆ ಅನಿಸಿದ್ದು, ಮುಂದೆ ಮಾಡಬೇಕಾದ್ದು. ಕಂಡದ್ದೂ ಅನಿಸಿದ್ದೂ ಬೆರೆತುಹೋಗುವುದೇ ಜಾಸ್ತಿ. 'ಕೋಪಗೊಂಡಿದ್ದರು' ಎಂಬುದು ನನ್ನ ಊಹೆ. 'ದನಿ ಏರಿತು, ಎರಡು ಸಲ ಕುರ್ಚಿಯಿಂದ ಎದ್ದರು' ಎಂಬುದು ಕಂಡದ್ದು. ಕ್ಲೈಂಟ್ ತಮ್ಮ ಕಡತ ಕೇಳಿ ಓದಿದರೆ ಎರಡನೆಯ ಸಾಲನ್ನು ಸಮರ್ಥಿಸಬಹುದು. ಮನೆಯವರ, ಸಹೋದ್ಯೋಗಿಗಳ ಹೆಸರು ಬರೆಯುವುದಿಲ್ಲ. 'ಅಣ್ಣ', 'ಮೇಲಧಿಕಾರಿ' ಎಂದರೆ ನನಗೆ ತಿಳಿಯುತ್ತದೆ.

ಅಪಾಯದ ಸುಳಿವಿದ್ದ ದಿನ ಮಾತ್ರ ಈ ಅರ್ಧ ಪುಟದ ಲೆಕ್ಕ ಬಿಡುತ್ತೇನೆ. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆ ಪಿಎಚ್‌ಕ್ಯೂ-9ರಲ್ಲಿ ಒಟ್ಟು ಅಂಕ 0ಯಿಂದ 27. ಒಟ್ಟು 6 ಬಂತು, ಸೌಮ್ಯ ಎಂದು ಹಾಳೆ ಮಡಚಿಡುವವರಿದ್ದಾರೆ. ಆ ಆರರಲ್ಲಿ ಒಂದು ಅಂಕ ಸಾವು, ಸ್ವಹಾನಿಯ ಯೋಚನೆ ಕೇಳುವ ಒಂಬತ್ತನೆಯ ಪ್ರಶ್ನೆಗೆ ಬಿದ್ದಿರಬಹುದು. ಹಾಗಾಗಿ ನಾನು ಮೊದಲು ನೋಡುವುದೇ ಆ ಪ್ರಶ್ನೆಯನ್ನು. ಸೊನ್ನೆಗಿಂತ ಹೆಚ್ಚಿದ್ದರೆ ಅದೇ ಸೆಷನ್‌ನಲ್ಲಿ ನೇರವಾಗಿ ಕೇಳುತ್ತೇನೆ. ಸೊನ್ನೆ ಇದ್ದ ಮಾತ್ರಕ್ಕೆ ಅಪಾಯವಿಲ್ಲ ಎಂದುಕೊಳ್ಳುವುದೂ ಇಲ್ಲ.

'ಆತ್ಮಹತ್ಯೆಯ ಯೋಚನೆ ಇಲ್ಲ' ಎಂಬ ಒಂದೇ ಸಾಲಿನಿಂದ ಕೇಳಿದ್ದೆವೋ ಇಲ್ಲವೋ ಎಂಬುದೂ ಗೊತ್ತಾಗುವುದಿಲ್ಲ. ಕೇಳಿದ ಪ್ರಶ್ನೆ, ಅವರದೇ ಮಾತಿನಲ್ಲಿ ಉತ್ತರ, ಯೋಜನೆ ಇದೆಯೇ, ಸಾಧನ ಕೈಗೆಟುಕುತ್ತದೆಯೇ, ಹಿಂದೆ ಪ್ರಯತ್ನಿಸಿದ್ದರೇ, ಬದುಕಿಗೆ ಹಿಡಿದಿಟ್ಟಿರುವುದು ಏನು: ಇಷ್ಟನ್ನೂ ಬರೆಯುತ್ತೇನೆ. ಜೊತೆಗೆ ಕೈಗೊಂಡ ಕ್ರಮ, ಕೈಬಿಟ್ಟ ಕ್ರಮ, ಎರಡಕ್ಕೂ ಕಾರಣ. ಮನೆಯವರಿಗೆ ತಿಳಿಸದಿದ್ದರೆ ಏಕೆ ತಿಳಿಸಲಿಲ್ಲ ಎಂಬುದು ಅಂದೇ ದಾಖಲಾಗಬೇಕು. ಸೂಪರ್‌ವೈಸರ್ ಜೊತೆ ಮಾತಾಡಿದ್ದರೆ ಆ ಸಮಯವನ್ನೂ ಸೇರಿಸುತ್ತೇನೆ. ಅಂಥ ಯೋಚನೆ ಬಂದಾಗ ಏನು ಮಾಡಬೇಕು, ಯಾರನ್ನು ಸಂಪರ್ಕಿಸಬೇಕು ಎಂದು ಬರೆದಿಡುವ ಸುರಕ್ಷತಾ ಯೋಜನೆಯ ಒಂದು ಪ್ರತಿ ಕಡತಕ್ಕೆ, ಇನ್ನೊಂದು ಕ್ಲೈಂಟ್ ಕೈಗೆ.

ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ದಿನಾಂಕ, ಕಿರುಸಹಿ ಹಾಕುತ್ತೇನೆ. ಏನಾದರೂ ಅನಾಹುತವಾದಾಗ ಹಳೆಯ ಟಿಪ್ಪಣಿಯನ್ನು 'ಸರಿಮಾಡುವ' ಆಸೆ ಹುಟ್ಟುತ್ತದೆ. ಒಂದು ಸಾಲು ತಿದ್ದಿದ್ದು ಗೊತ್ತಾದರೂ ಇಡೀ ಕಡತವನ್ನು ಯಾರೂ ನಂಬುವುದಿಲ್ಲ. ಬಿಟ್ಟುಹೋದದ್ದನ್ನು 'ತಡವಾಗಿ ಸೇರಿಸಿದ್ದು' ಎಂದು, ಬರೆಯುವ ದಿನದ ದಿನಾಂಕದೊಂದಿಗೆ ಕೆಳಗೆ ಸೇರಿಸುತ್ತೇನೆ.