ಮೂರು ಬಗೆಯ ಯೂನಿಕ್ಸ್, ಒಂದು ಲಾಗ್ ಸರ್ವರ್

ಸೋಲಾರಿಸ್ 10, ಫ್ರೀಬಿಎಸ್‌ಡಿ, ಡೆಬಿಯನ್ ಮೂರೂ ಇದ್ದ ಕಡೆ ಎಲ್ಲದರ ಲಾಗ್‌ಗಳನ್ನೂ (ಯಂತ್ರದಲ್ಲಿ ನಡೆದದ್ದರ ದಾಖಲೆಗಳು) ಒಂದೇ ಡೆಬಿಯನ್ ಸರ್ವರ್‌ಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಯಂತ್ರದೊಳಗೆ ನುಗ್ಗಿದವನು ಮೊದಲು ಕೈಹಾಕುವುದೇ ಅಲ್ಲಿನ ಲಾಗ್‌ಗೆ. ಹಾಗಾಗಿ ಒಂದು ಪ್ರತಿ ಬೇರೆಡೆ ಇರಲೇಬೇಕು.

ಲಾಗ್ ಸಂದೇಶಗಳನ್ನು ಬರೆದಿಡುವ, ಬೇರೆ ಯಂತ್ರಕ್ಕೆ ಸಾಗಿಸುವ ವ್ಯವಸ್ಥೆಯೇ ಸಿಸ್‌ಲಾಗ್. ಅದು ಹುಟ್ಟಿದ್ದು 1980ರ ದಶಕದಲ್ಲಿ, ಎರಿಕ್ ಆಲ್ಮನ್ ಅವರ ಮೇಲ್ ಸಾಗಿಸುವ ತಂತ್ರಾಂಶ ಸೆಂಡ್‌ಮೇಲ್ ಜೊತೆ. ಪ್ರತಿ ಸಂದೇಶಕ್ಕೂ ಅದು ಎಲ್ಲಿಂದ ಬಂತೆಂದು ಹೇಳುವ ಒಂದು ವರ್ಗ ಇರುತ್ತದೆ, ಅದೇ ಫೆಸಿಲಿಟಿ. ಯಂತ್ರಗಳ ನಡುವೆ ಫೈಲ್ ಸಾಗಿಸುತ್ತಿದ್ದ ಆ ಕಾಲದ ಯುಯುಸಿಪಿಯ ಫೆಸಿಲಿಟಿ ಇವತ್ತಿಗೂ ಪಟ್ಟಿಯಲ್ಲಿದೆ, ಕೇಳುವವರಿಲ್ಲ. ನಮ್ಮ ಅಪ್ಲಿಕೇಶನ್‌ಗಳಿಗೆ, ಸ್ವಂತ ಬಳಕೆಗೆಂದೇ ಬಿಟ್ಟಿರುವ ಲೋಕಲ್4 ಇಟ್ಟುಕೊಂಡೆ.

ಹೆಚ್ಚು ಸತಾಯಿಸಿದ್ದು ಸೋಲಾರಿಸ್. ಅದರ ಸೆಟ್ಟಿಂಗ್ ಫೈಲ್ ಸಿಸ್‌ಲಾಗ್.ಕಾನ್ಫ್‌ನಲ್ಲಿ ಸೆಲೆಕ್ಟರ್‌ಗೂ (ಯಾವ ಸಂದೇಶ) ಗುರಿಗೂ (ಎಲ್ಲಿಗೆ) ನಡುವೆ ಟ್ಯಾಬ್ ಇರಬೇಕು, ಸ್ಪೇಸ್ ನಡೆಯದು. ಟರ್ಮಿನಲ್‌ನಿಂದ ಕಾಪಿ ಮಾಡಿ ಅಂಟಿಸಿದರೆ ಟ್ಯಾಬ್ ಸ್ಪೇಸ್ ಆಗಿಬಿಡುತ್ತದೆ, ಕಣ್ಣಿಗೆ ಮಾತ್ರ ಎರಡೂ ಒಂದೇ. ಅದಕ್ಕೇ ಪ್ರತಿ ಬದಲಾವಣೆಯ ನಂತರ ಟ್ಯಾಬ್‌ಗಳನ್ನು ಬಿಡಿಸಿ ತೋರಿಸುವ ಆಯ್ಕೆ ಹಾಕಿ, ಫೈಲ್ ತೋರಿಸುವ ಕ್ಯಾಟ್ ಆಜ್ಞೆ ಓಡಿಸುತ್ತಿದ್ದೆ. ಲಾಗ್ ಫೈಲನ್ನು ಸೋಲಾರಿಸ್‌ನ ಸಿಸ್‌ಲಾಗ್ ತಾನಾಗಿ ಸೃಷ್ಟಿಸುವುದೂ ಇಲ್ಲ, ಟಚ್ ಆಜ್ಞೆಯಿಂದ ಖಾಲಿ ಫೈಲನ್ನು ಮೊದಲೇ ಮಾಡಿಡಬೇಕು. ಇನ್ನೊಂದು: ಯಂತ್ರಗಳ ಹೆಸರು, ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲಿನಲ್ಲಿ, ಲಾಗ್ ಸ್ವೀಕರಿಸುವ ಯಂತ್ರಕ್ಕೆ ಸಲ್ಲುವ ಲಾಗ್‌ಹೋಸ್ಟ್ ಎಂಬ ಹೆಸರು ಆಯಾ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು ಸರ್ವರ್‌ನ ವಿಳಾಸಕ್ಕೆ ಕೊಟ್ಟೆ.

ಫ್ರೀಬಿಎಸ್‌ಡಿಯಲ್ಲಿ ಒಂದೇ ತೊಡಕು. ಹಿನ್ನೆಲೆಯಲ್ಲಿ ಓಡುವ ಸಿಸ್‌ಲಾಗ್ ಪ್ರೋಗ್ರಾಂ ಸಿಸ್‌ಲಾಗ್‌ಡಿಗೆ ಆಯ್ಕೆಯಾಗಿ ಒಂದು ಎಸ್ ಕೊಟ್ಟರೆ ಹೊರಗಿನ ಸಂದೇಶ ಒಳಬರುವುದಿಲ್ಲ, ಕಳಿಸುವುದಕ್ಕೆ ಅಡ್ಡಿಯಿಲ್ಲ. ಎರಡು ಎಸ್ ಕೊಟ್ಟರೆ ನೆಟ್‌ವರ್ಕ್ ಬಾಗಿಲಾದ ಸಾಕೆಟ್ಟೇ ತೆರೆಯದು, ಕಳಿಸುವುದೂ ಬಂದ್. ಇನ್‌ಸ್ಟಾಲ್ ಮಾಡುವಾಗ ಬಿಗಿ ಭದ್ರತೆ ಆರಿಸಿದ್ದ ಯಂತ್ರಗಳಲ್ಲಿ ಎರಡು ಎಸ್ ಕೂತಿದ್ದವು.

ಡೆಬಿಯನ್‌ಗಳಿಗೆ ಸಿಸ್‌ಲಾಗ್‌ನ ಹೊಸ ರೂಪ ಆರ್‌ಸಿಸ್‌ಲಾಗ್ ಇತ್ತು: ಸರ್ವರ್ ಹೆಸರಿನ ಮುಂದೆ ಒಂದು ಅಟ್ ಚಿಹ್ನೆ ಎಂದರೆ ಯುಡಿಪಿ (ತಲುಪಿತೇ ಎಂದು ನೋಡದೆ ಕಳಿಸುವುದು), ಎರಡು ಎಂದರೆ ಟಿಸಿಪಿ (ಸಂಪರ್ಕ ಕಟ್ಟಿಕೊಂಡು ಕಳಿಸುವುದು). ಟಿಸಿಪಿ ಹಾಕಿದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಸರ್ವರ್ ಮಲಗಿದಾಗ ಸಂದೇಶಗಳು ಕಾಯಲು ಜಾಗ ಬೇಕು. ಡಿಸ್ಕ್‌ಗೆ ಇಳಿಯಬಲ್ಲ ಕ್ಯೂ (ಸರದಿ) ಇಟ್ಟು, ಮರುಪ್ರಯತ್ನದ ಮಿತಿ -1, ಅಂದರೆ ಮಿತಿಯೇ ಇಲ್ಲದಂತೆ, ಮಾಡಿದೆ. ಸೋಲಾರಿಸ್‌ಗೆ 514ನೇ ಪೋರ್ಟಿನ ಯುಡಿಪಿಯೇ ಗತಿ, ಕಳೆದುಹೋದದ್ದು ಹೋಯಿತು.

ಹಳೆಯ ಮಾದರಿಯ ಸಂದೇಶದಲ್ಲಿ ಇಸವಿಯೂ ಇಲ್ಲ, ಟೈಮ್‌ಝೋನ್ ಕೂಡ ಇಲ್ಲ. ಕೆಲವು ಯಂತ್ರ ಯುಟಿಸಿಯಲ್ಲಿ, ಕೆಲವು ಭಾರತೀಯ ಕಾಲಮಾನದಲ್ಲಿ ಇದ್ದರೆ ಐದೂವರೆ ಗಂಟೆಯ ಗೊಂದಲ ಖಚಿತ. ಸರ್ವರ್‌ನಲ್ಲಿ ಲಾಗ್ ಸಾಲಿನ ಅಚ್ಚಾದ ಟೆಂಪ್ಲೇಟ್ ಬರೆದು, ಕಳಿಸಿದ ಸಮಯದ ಪಕ್ಕದಲ್ಲೇ ತಲುಪಿದ ಸಮಯವನ್ನೂ ಇಸವಿ ಸಮೇತ ದಾಖಲಿಸಿದೆ.

ಕೊನೆಗೆ ಪ್ರತಿ ಯಂತ್ರದಿಂದಲೂ ಲಾಗರ್ ಆಜ್ಞೆಯಲ್ಲಿ ಲೋಕಲ್4.ವಾರ್ನಿಂಗ್ (ಲೋಕಲ್4ರ ಎಚ್ಚರಿಕೆ ಮಟ್ಟದ) ಸಂದೇಶ ಕಳಿಸಿ, ಸರ್ವರ್‌ನಲ್ಲಿ ಫೈಲಿನ ಕೊನೆಯ ಸಾಲು ತೋರಿಸುವ ಟೇಲ್ ಹಾಕಿ ನೋಡಿದೆ. ಸಾಲು ಕಾಣಿಸಿದ ಯಂತ್ರದ ಹೆಸರಿಗೆ ಮಾತ್ರ ಟಿಕ್.