ದಪ್ಪ ಸ್ಟೇಕ್‌ನ ಹದ: ಮೊದಲು ಒವನ್, ಕೊನೆಗೆ ಕಾದ ಬಾಣಲೆ

ಒಂದೂವರೆ ಅಂಗುಲಕ್ಕಿಂತ ದಪ್ಪಗಿರುವ ಬೀಫ್ ಸ್ಟೇಕನ್ನು ಫ್ರಿಜ್‌ನಿಂದ ತೆಗೆದು ನೇರವಾಗಿ ಕಾದ ಬಾಣಲೆಗೆ ಹಾಕಿದರೆ ಹೊರಮೈ ಸೀಯುವ ಹೊತ್ತಿಗೂ ನಡುಭಾಗ ತಣ್ಣಗೇ ಉಳಿದಿರುತ್ತದೆ. ನಡುಭಾಗ ಬೇಯುವವರೆಗೆ ಕಾಯುತ್ತ ಕುಳಿತರೆ ಅಂಚಿನಿಂದ ಒಳಕ್ಕೆ ಸಾಕಷ್ಟು ಮಾಂಸ ಬೂದುಬಣ್ಣಕ್ಕೆ ತಿರುಗಿ ರಸವಿಲ್ಲದೆ ಒಣಗಿಹೋಗುತ್ತದೆ. ಒಳಭಾಗ ಹದವಾಗಲು 55 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಸಾಕು, ಹೊರಮೈ ಕಂದುಬಣ್ಣಕ್ಕೆ ಹುರಿದು ಪರಿಮಳ ಬಿಡಲು ಮಾತ್ರ 140 ಡಿಗ್ರಿಗೂ ಮೇಲಿನ ಕಾವು ಬೇಕು. ಈ ಎರಡು ಕೆಲಸಗಳನ್ನು ಒಂದೇ ಉರಿಯಲ್ಲಿ ಮುಗಿಸಲು ಹೋಗುವುದೇ ಹೆಚ್ಚಿನ ಸ್ಟೇಕ್‌ಗಳು ಕೆಡಲು ಕಾರಣ. ಮೊದಲು ಒವನ್‌ನ ಮಂದ ಕಾವಿನಲ್ಲಿ ಒಳಭಾಗವನ್ನು ಹದಕ್ಕೆ ತಂದು, ಕಟ್ಟಕಡೆಗೆ ಬಾಣಲೆಯ ತೀವ್ರ ಕಾವಿನಲ್ಲಿ ಹೊರಮೈಯನ್ನು ಒಂದೆರಡು ನಿಮಿಷ ಮಾತ್ರ ಹುರಿಯುವ, ರಿವರ್ಸ್ ಸಿಯರ್ ಎಂದು ಕರೆಯಲಾಗುವ ಕ್ರಮವೇ ಮನೆಯಡುಗೆಗೆ ಎಲ್ಲಕ್ಕಿಂತ ಹೆಚ್ಚು ನೆಚ್ಚಬಹುದಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ವಿವರಿಸುತ್ತಿರುವುದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮುಂತಾದ ಕಡೆ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ಅಂಗಡಿಗಳಲ್ಲಿ ಸಿಗುವ ಎಳೆಯ ದನದ ಮಾಂಸಕ್ಕೆ ಹೊಂದುವ ವಿಧಾನ. ಗೋಹತ್ಯೆ ನಿಷೇಧ ಕಾಯ್ದೆ ಎಂದೇ ಹೆಸರಾದ 2020ರ ಕಾನೂನಿನಂತೆ ಕರ್ನಾಟಕದಲ್ಲಿ 13 ವರ್ಷ ದಾಟಿದ ಎಮ್ಮೆ ಕೋಣಗಳ ವಧೆಗಷ್ಟೇ ಅವಕಾಶವಿದ್ದು, ಅಷ್ಟು ವಯಸ್ಸಾದ ಪ್ರಾಣಿಯ ಮಾಂಸದಲ್ಲಿ ಕೊಬ್ಬು ಕಡಿಮೆ, ನಾರು ಗಟ್ಟಿ. ಅಂತಹ ಮಾಂಸವನ್ನು ಕುಕ್ಕರಿನಲ್ಲೋ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆಯೋ ಬೇಯಿಸಿದರೆ ಮಾತ್ರ ಮೆತ್ತಗಾಗುತ್ತದೆ. ಅದನ್ನು ಸ್ಟೇಕ್ ಮಾಡಲು ಹೊರಡುವುದು ಮಾಂಸಕ್ಕೂ ತಿನ್ನುವವರಿಗೂ ಅನ್ಯಾಯ.

ಮಾಂಸದ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ದಪ್ಪ. ಕನಿಷ್ಠ ಒಂದೂವರೆ ಅಂಗುಲ, ಅಂದರೆ ಸುಮಾರು 4 ಸೆಂಟಿಮೀಟರ್ ಇರಬೇಕು. ಅಂಗಡಿಯ ತಟ್ಟೆಗಳಲ್ಲಿ ಜೋಡಿಸಿಟ್ಟಿರುವ ಸ್ಟೇಕ್‌ಗಳು ಸಾಮಾನ್ಯವಾಗಿ ಇದಕ್ಕಿಂತ ತೆಳ್ಳಗಿರುವುದರಿಂದ, ಮಾಂಸ ಕತ್ತರಿಸುವವರನ್ನೇ ಕೇಳಿ ಬೇಕಾದಷ್ಟು ದಪ್ಪಕ್ಕೆ ಕೊಯ್ಯಿಸಿಕೊಳ್ಳುವುದು ಒಳ್ಳೆಯದು. ಇಬ್ಬರಿಗೆ ಎರಡು ತೆಳ್ಳಗಿನ ತುಂಡುಗಳನ್ನು ಕೊಳ್ಳುವ ಬದಲು 500 ಗ್ರಾಂ ತೂಗುವ ಒಂದೇ ದಪ್ಪ ತುಂಡನ್ನು ಕೊಂಡು ಹಂಚಿಕೊಳ್ಳಿ. ಮೊದಲ ಸಲ ಮಾಡುವವರಿಗೆ ರಿಬೈ ಎಂಬ ಭಾಗವನ್ನು ನಾನು ಸೂಚಿಸುತ್ತೇನೆ, ಏಕೆಂದರೆ ಮಾಂಸದ ನಡುವೆ ಬಿಳಿಗೆರೆಗಳಂತೆ ಹರಡಿರುವ ಕೊಬ್ಬು ಅದರಲ್ಲಿ ಧಾರಾಳವಾಗಿದ್ದು, ಕಾವು ನಾಲ್ಕು ಡಿಗ್ರಿ ಹೆಚ್ಚಾದರೂ ರುಚಿ ಕೈಕೊಡುವುದಿಲ್ಲ. ಟೆಂಡರ್‌ಲಾಯಿನ್ ಎಲ್ಲಕ್ಕಿಂತ ಮೃದುವಾದರೂ ಕೊಬ್ಬು ಕಡಿಮೆಯಿರುವುದರಿಂದ ಬೇಗ ಒಣಗುತ್ತದೆ. ನ್ಯೂಯಾರ್ಕ್ ಸ್ಟ್ರಿಪ್ ಇವೆರಡರ ನಡುವಿನದು. ಅಮೆರಿಕದ ಕೃಷಿ ಇಲಾಖೆ ನೀಡುವ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂಬ ದರ್ಜೆಗಳು ಬಹುಮಟ್ಟಿಗೆ ಈ ಒಳಕೊಬ್ಬಿನ ಪ್ರಮಾಣವನ್ನೇ ಅವಲಂಬಿಸಿವೆ, ಮತ್ತು ಬಿಳಿಗೆರೆಗಳು ಚೆನ್ನಾಗಿ ಹರಡಿರುವ ಚಾಯ್ಸ್ ದರ್ಜೆಯ ತುಂಡು ಮನೆಯೂಟಕ್ಕೆ ಧಾರಾಳವಾಗಿ ಸಾಕು.

ಉಪ್ಪಿನ ವಿಷಯದಲ್ಲಿ ಅವಸರ ಸಲ್ಲದು. ಮಾಂಸದ ತೂಕದ ಶೇಕಡ 1ರಷ್ಟು ಉಪ್ಪು, ಅಂದರೆ 500 ಗ್ರಾಂ ಸ್ಟೇಕ್‌ಗೆ 5 ಗ್ರಾಂ, ಸರಿಯಾದ ಅಳತೆ. ನಾವು ದಿನನಿತ್ಯ ಬಳಸುವ ಪುಡಿ ಉಪ್ಪಿನಲ್ಲಿ ಇದು ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಅಮೆರಿಕದ ಪಾಕವಿಧಾನಗಳು ಹೇಳುವ ಕೋಷರ್ ಉಪ್ಪಿನ ಹರಳು ದೊಡ್ಡದಾಗಿ, ಚಮಚದಲ್ಲಿ ಸಡಿಲವಾಗಿ ಕೂರುವುದರಿಂದ ಅದೇ ಚಮಚದ ಲೆಕ್ಕದಲ್ಲಿ ಪುಡಿ ಉಪ್ಪು ಹಾಕಿದರೆ ಬಾಯಿಗಿಡಲಾಗದಷ್ಟು ಉಪ್ಪಾಗಬಹುದು, ಆದ್ದರಿಂದ ಸಾಧ್ಯವಾದರೆ ತಕ್ಕಡಿಯಲ್ಲಿ ತೂಗಿಯೇ ಹಾಕಿ. ಉಪ್ಪನ್ನು ಎರಡೂ ಮುಖಗಳಿಗೂ ಸುತ್ತಲಿನ ಅಂಚಿಗೂ ಸವರಿ, ತಂತಿ ಜಾಲರಿಯ ಮೇಲಿಟ್ಟು, ಕೆಳಗೊಂದು ತಟ್ಟೆ ಇಟ್ಟು, ಏನನ್ನೂ ಮುಚ್ಚದೆ ಫ್ರಿಜ್‌ನಲ್ಲಿ ಒಂದು ರಾತ್ರಿ ಬಿಡಬೇಕು.

ಉಪ್ಪು ಸವರಿದ ಕೆಲವೇ ನಿಮಿಷಗಳಲ್ಲಿ ಮಾಂಸದ ಮೇಲೆ ನೀರಿನ ಹನಿಗಳು ಮೂಡಿ ಮೇಲ್ಮೈ ಒದ್ದೆಯಾಗಿ ಹೊಳೆಯತೊಡಗುತ್ತದೆ. ಆ ಹಂತದಲ್ಲಿ ಬಾಣಲೆಗೆ ಹಾಕಿದರೆ ಸ್ಟೇಕ್ ಹುರಿಯುವ ಬದಲು ತನ್ನದೇ ನೀರಿನಲ್ಲಿ ಬೇಯುತ್ತದೆ. ಮುಕ್ಕಾಲು ಗಂಟೆಯ ಹೊತ್ತಿಗೆ ಆ ಉಪ್ಪುನೀರಿನ ಬಹುಪಾಲನ್ನು ಮಾಂಸ ಮತ್ತೆ ಒಳಗೆಳೆದುಕೊಂಡಿರುತ್ತದೆ, ಮತ್ತು ರಾತ್ರಿ ಕಳೆಯುವಷ್ಟರಲ್ಲಿ ಫ್ರಿಜ್‌ನ ಒಣಗಾಳಿಗೆ ಮೇಲ್ಮೈ ಗಾಢ ಕೆಂಪಾಗಿ, ಬೆರಳಿಟ್ಟರೆ ಒದ್ದೆಯೆನಿಸದೆ ತುಸು ಅಂಟುವಂತಾಗಿರುತ್ತದೆ. ಈ ಒಣಮೈಯೇ ಮುಂದಿನ ಎಲ್ಲ ಕೆಲಸದ ತಳಹದಿ. ನೀರು 100 ಡಿಗ್ರಿಯಲ್ಲಿ ಆವಿಯಾಗುವುದರಿಂದ, ಮೇಲ್ಮೈಯಲ್ಲಿ ನೀರಿನಂಶ ಇರುವವರೆಗೂ ಅದರ ಕಾವು ಆ ಗೆರೆಯನ್ನು ದಾಟಲಾರದು. ಮಾಂಸದ ಪ್ರೋಟೀನ್ ಮತ್ತು ಸಕ್ಕರೆಯಂಶಗಳು ಸೇರಿ ಕಂದುಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಡುವ ಕ್ರಿಯೆ, ಅಂದರೆ ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಯ್ ಮಯಾರ್ 1912ರಲ್ಲಿ ವಿವರಿಸಿದ ಮಯಾರ್ ಕ್ರಿಯೆ, ವೇಗ ಪಡೆಯುವುದು ಆ ಗೆರೆಯನ್ನು ದಾಟಿದ ಮೇಲೆಯೇ. ಒಂದು ರಾತ್ರಿಯ ವ್ಯವಧಾನ ಇಲ್ಲದಿದ್ದರೆ ಕನಿಷ್ಠ ಮುಕ್ಕಾಲು ಗಂಟೆ ಬಿಡಿ, ಅದೂ ಆಗದಿದ್ದರೆ ಬಾಣಲೆಗೆ ಹಾಕುವ ಕ್ಷಣದಲ್ಲಷ್ಟೇ ಉಪ್ಪು ಹಾಕಿ. ಇವೆರಡರ ನಡುವಿನ ಹತ್ತು, ಇಪ್ಪತ್ತು ನಿಮಿಷದ ಹಂತವೇ ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಸಲಕರಣೆ. ಬೀಡುಕಬ್ಬಿಣದ ದಪ್ಪತಳದ ಬಾಣಲೆ ಅಥವಾ ಮನೆಯಲ್ಲಿರುವ ದೋಸೆ ಕಾವಲಿ ಬೀಡಿನದಾಗಿದ್ದರೆ ಅದೂ ಆಗುತ್ತದೆ. ನಾನ್‌ಸ್ಟಿಕ್ ಬಾಣಲೆ ಮಾತ್ರ ಬೇಡ, ಏಕೆಂದರೆ ಇಲ್ಲಿ ಬೇಕಾಗುವಷ್ಟು ಕಾವಿಗೆ ಅದರ ಲೇಪ ಕೆಟ್ಟು ಹಾನಿಕರ ಹೊಗೆ ಬಿಡಬಹುದು. ಒಂದು ಚಿಮುಟ, ಒಂದು ತಂತಿ ಜಾಲರಿ. ಇವುಗಳ ಜೊತೆಗೆ, ಚೂಪಾದ ಕಡ್ಡಿಯಿರುವ ಡಿಜಿಟಲ್ ಥರ್ಮಾಮೀಟರ್ ಒಂದು ಇರಲೇಬೇಕು, ಇದರಲ್ಲಿ ರಾಜಿ ಇಲ್ಲ. ನಿಮಿಷಗಳ ಲೆಕ್ಕವಾಗಲಿ, ಬೆರಳಿನಿಂದ ಒತ್ತಿ ಮೆತ್ತಗಿದೆಯೇ ಗಟ್ಟಿಯಿದೆಯೇ ಎಂದು ನೋಡುವ ಪದ್ಧತಿಯಾಗಲಿ ದಿನವೂ ಸ್ಟೇಕ್ ಮಾಡುವ ಬಾಣಸಿಗರಿಗೆ ಸರಿ, ಅಪರೂಪಕ್ಕೊಮ್ಮೆ ಮಾಡುವ ಮನೆಯವರಿಗೆ ಅಲ್ಲ. ಕೊಂಡು ತಂದ ಥರ್ಮಾಮೀಟರ್ ಸರಿಯಿದೆಯೇ ಎಂದು ತಿಳಿಯಲು ಲೋಟದ ತುಂಬ ಐಸ್ ಹಾಕಿ, ಅದು ಮುಳುಗುವಷ್ಟೇ ನೀರು ಸುರಿದು ಕಡ್ಡಿಯನ್ನು ಅದ್ದಿ. 0 ಡಿಗ್ರಿ ತೋರಿಸಬೇಕು. ಕುದಿಯುವ ನೀರಿನ ಪರೀಕ್ಷೆ ಅಷ್ಟು ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಕುದಿಬಿಂದು ಊರಿನ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ.

ಒವನನ್ನು 120 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ 250 ಫ್ಯಾರನ್‌ಹೀಟ್‌ಗೆ ಕಾಯಿಸಿ. ಸ್ಟೇಕನ್ನು ಅದೇ ಜಾಲರಿ ಮತ್ತು ತಟ್ಟೆಯ ಸಮೇತ ಒಳಗಿಡಿ, ಆಗ ಬಿಸಿಗಾಳಿ ಕೆಳಗಿನಿಂದಲೂ ಆಡುತ್ತದೆ. ಮೊದಲೇ ಫ್ರಿಜ್‌ನಿಂದ ತೆಗೆದು ಗಂಟೆಗಟ್ಟಲೆ ಹೊರಗಿಡಬೇಕೆಂಬ ಸಲಹೆಯನ್ನು ಪಾಲಿಸುವ ಅಗತ್ಯವಿಲ್ಲ. ಅಷ್ಟರಲ್ಲಿ ದಪ್ಪ ತುಂಡಿನ ನಡುಭಾಗ ಬಿಸಿಯೇರುವುದು ಕೆಲವೇ ಡಿಗ್ರಿ, ಮತ್ತು ಮಂದ ಕಾವಿನ ಒವನ್ ಆ ಕೆಲಸವನ್ನು ಹೇಗೂ ಮಾಡುತ್ತದೆ. ಒಂದೂವರೆ ಅಂಗುಲದ ಸ್ಟೇಕ್‌ಗೆ ಸುಮಾರು ಅರ್ಧ ಗಂಟೆ ಹಿಡಿಯಬಹುದಾದರೂ ಒವನ್‌ನಿಂದ ಒವನ್‌ಗೆ ವ್ಯತ್ಯಾಸವಿರುವುದರಿಂದ, ಅದರಲ್ಲೂ ಫ್ಯಾನ್ ಇರುವ ಒವನ್ ಬೇಗ ಕಾಯಿಸುವುದರಿಂದ, ಇಪ್ಪತ್ತನೆಯ ನಿಮಿಷದಿಂದಲೇ ಪರೀಕ್ಷಿಸತೊಡಗಿ. ಕಡ್ಡಿಯನ್ನು ಮೇಲಿನಿಂದ ಚುಚ್ಚದೆ ಪಕ್ಕದಿಂದ, ಮೂಳೆಗೂ ದೊಡ್ಡ ಕೊಬ್ಬಿನ ಗಂಟಿಗೂ ತಾಗದಂತೆ ನಟ್ಟನಡುವಿನವರೆಗೆ ತೂರಿಸಿ, ಹಿಂದೆ ಮುಂದೆ ನಿಧಾನವಾಗಿ ಸರಿಸುತ್ತ ಅತಿ ಕಡಿಮೆ ತೋರಿಸುವ ಅಂಕಿಯನ್ನೇ ನಿಜವೆಂದು ತೆಗೆದುಕೊಳ್ಳಿ.

ಎಷ್ಟು ಡಿಗ್ರಿಗೆ ಹೊರತೆಗೆಯಬೇಕೆಂಬುದು ತಿನ್ನುವವರ ಇಷ್ಟ. ಒಳಗೆ ಬೆಚ್ಚಗಿನ ಕೆಂಪು ಇರುವ ಮೀಡಿಯಂ ರೇರ್ ಹದಕ್ಕೆ ಕೊನೆಯ ಕಾವು 54ರಿಂದ 57 ಡಿಗ್ರಿ, ತಿಳಿಗುಲಾಬಿಯ ಮೀಡಿಯಂ ಹದಕ್ಕೆ 60ರಿಂದ 63 ಡಿಗ್ರಿ. ಬಾಣಲೆಯಲ್ಲಿ ಹುರಿಯುವಾಗಲೂ ಆಮೇಲೆ ತಟ್ಟೆಯಲ್ಲಿ ಕೂತಿರುವಾಗಲೂ ಒಳಕಾವು ಇನ್ನೂ ಆರೇಳು ಡಿಗ್ರಿ ಏರುವುದರಿಂದ, ಬೇಕಾದ ಹದಕ್ಕಿಂತ ಅಷ್ಟು ಕಡಿಮೆಯಿರುವಾಗಲೇ ಒವನ್‌ನಿಂದ ತೆಗೆಯಬೇಕು. ಅಂದರೆ ಮೊದಲನೆಯದಕ್ಕೆ 48, ಎರಡನೆಯದಕ್ಕೆ 54 ಡಿಗ್ರಿ. ನಮ್ಮ ಮನೆಗಳಲ್ಲಿ ಮಾಂಸ ಪೂರ್ತಿ ಬೆಂದಿರಬೇಕೆಂಬ ಅಭ್ಯಾಸ ಗಟ್ಟಿಯಾಗಿದೆ, ಕೆಂಪು ರಸ ಕಂಡರೆ ರಕ್ತವೆಂದು ಹಿಂಜರಿಯುವವರು ಬಹಳ. ಅದು ರಕ್ತವಲ್ಲ, ಮೈಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನ್ ಬೆರೆತ ನೀರು, ರಕ್ತವನ್ನು ವಧೆಯ ಸಮಯದಲ್ಲೇ ಬಸಿದಿರುತ್ತಾರೆ. ಹಾಗಿದ್ದರೂ ಮನಸ್ಸು ಒಪ್ಪದವರನ್ನು ಬಲವಂತ ಮಾಡಬೇಕಿಲ್ಲ. ಅವರಿಗೆ ರಿಬೈ ತುಂಡನ್ನು 63 ಡಿಗ್ರಿಗೆ ತನ್ನಿ, ಆ ಕಾವಿಗೆ ಒಳಕೊಬ್ಬು ಚೆನ್ನಾಗಿ ಕರಗಿ ಮಾಂಸ ಇನ್ನಷ್ಟು ರುಚಿಯಾಗುತ್ತದೆ. 70 ಡಿಗ್ರಿ ದಾಟಿದರೆ ಮಾತ್ರ ಎಳೆಗಳು ಬಿಗಿದುಕೊಂಡು ರಸವನ್ನೆಲ್ಲ ಹಿಂಡಿಬಿಡುತ್ತವೆ.

ಸುರಕ್ಷತೆಯ ದೃಷ್ಟಿಯಿಂದಲೂ 63 ಡಿಗ್ರಿ ಮುಖ್ಯ ಅಂಕಿ. ಇಡೀ ತುಂಡಾಗಿರುವ ದನದ ಮಾಂಸವನ್ನು 63 ಡಿಗ್ರಿಗೆ ಬೇಯಿಸಿ 3 ನಿಮಿಷ ಬಿಡಬೇಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಯಲ್ಲಿ ಇದಕ್ಕಿಂತ ಕಡಿಮೆ ಬೇಯಿಸಬಾರದು. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಹೊರಮೈಯಲ್ಲಿ ಇರುವುದರಿಂದಲೇ ಅನೇಕರು ಅದಕ್ಕಿಂತ ಕಡಿಮೆ ಕಾವಿನ ಸ್ಟೇಕನ್ನು ತಿನ್ನುತ್ತಾರೆ. ಆದರೆ ಮೃದುಗೊಳಿಸಲೆಂದು ಯಂತ್ರದ ಸೂಜಿಗಳಿಂದ ಚುಚ್ಚಿದ ಮಾಂಸದಲ್ಲಿ ಆ ಹೊರಮೈಯ ಬ್ಯಾಕ್ಟೀರಿಯಾ ಒಳಗೂ ಸೇರಿರಬಹುದು. ಅಮೆರಿಕದಲ್ಲಿ 2016ರಿಂದ ಅಂತಹ ಪೊಟ್ಟಣದ ಮೇಲೆ ಮೆಕ್ಯಾನಿಕಲಿ ಟೆಂಡರೈಸ್ಡ್ ಎಂಬ ಅರ್ಥದ ಬರಹ ಇರಲೇಬೇಕೆಂಬ ನಿಯಮವಿದೆ. ಅದನ್ನು ಓದಿ ನೋಡಿ, ಇದ್ದರೆ 63 ಡಿಗ್ರಿಗಿಂತ ಕೆಳಗಿನ ಹದದ ಆಸೆ ಬಿಡಿ.

ಒವನ್‌ನಿಂದ ಹೊರಬಂದ ಸ್ಟೇಕ್ ನೋಡಲು ಚೆನ್ನಾಗಿರುವುದಿಲ್ಲ. ಮಂಕಾದ ಕಂದುಬೂದು ಬಣ್ಣ, ಒಣ ತೊಗಲಿನಂತಹ ಮೈ. ಗಾಬರಿ ಬೇಡ, ಆ ಒಣಮೈಯೇ ನಮಗೆ ಬೇಕಾದದ್ದು. ಕಿಟಕಿ ತೆರೆದು, ಒಲೆಯ ಮೇಲಿನ ಫ್ಯಾನ್ ಹಾಕಿ, ಬಾಣಲೆಯನ್ನು ದೊಡ್ಡ ಉರಿಯ ಮೇಲೆ ಐದಾರು ನಿಮಿಷ ಕಾಯಿಸಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಹೊಗೆಯ ಅಲಾರಂ ನೆನಪಿಟ್ಟುಕೊಂಡು ಗಾಳಿ ಆಡುವಂತೆ ಮೊದಲೇ ನೋಡಿಕೊಳ್ಳಬೇಕು. ಇಲ್ಲಿ ತುಪ್ಪಕ್ಕೆ ಸಾಟಿ ಇಲ್ಲ. ಬೆಣ್ಣೆಯಲ್ಲಿರುವ ಹಾಲಿನಂಶ ಬೇಗ ಸೀದು ಕಹಿಯಾಗುತ್ತದೆ, ತುಪ್ಪ ಕಾಯಿಸುವಾಗಲೇ ಆ ಅಂಶ ಗಸಿಯಾಗಿ ಬೇರ್ಪಟ್ಟಿರುವುದರಿಂದ ತುಪ್ಪ 250 ಡಿಗ್ರಿ ಆಸುಪಾಸಿನ ಕಾವನ್ನು ತಡೆಯುತ್ತದೆ. ಒಂದು ದೊಡ್ಡ ಚಮಚ ತುಪ್ಪ ಹಾಕಿ, ಅದು ಬಾಣಲೆಯ ತಳದಲ್ಲಿ ನೀರಿನಂತೆ ಓಡಾಡಿ ತೆಳ್ಳಗೆ ಹೊಗೆಯಾಡತೊಡಗಿದ ಕೂಡಲೇ ಸ್ಟೇಕನ್ನು ನಿಮ್ಮಿಂದ ಆಚೆಗೆ ಮಲಗಿಸುವಂತೆ ಇಡಿ.

ಒಂದೊಂದು ಮುಖಕ್ಕೆ ಮುಕ್ಕಾಲರಿಂದ ಒಂದು ನಿಮಿಷ. ಚಿಮುಟದಿಂದ ಹಗುರವಾಗಿ ಒತ್ತಿ ಇಡೀ ಮುಖ ಬಾಣಲೆಗೆ ತಾಗುವಂತೆ ಮಾಡಿ, ತಿರುವಿ, ನಂತರ ಕೊಬ್ಬಿನ ಅಂಚನ್ನು ಕೆಳಗೆ ಮಾಡಿ ಅರ್ಧ ನಿಮಿಷ ನಿಲ್ಲಿಸಿ ಹಿಡಿಯಿರಿ. ಬಿಳಿ ಕೊಬ್ಬು ಪಾರದರ್ಶಕವಾಗಿ, ಅಂಚು ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗುವುದು ಕಣ್ಣಿಗೇ ಕಾಣುತ್ತದೆ. ಹೀಗೆ ಹುರಿದರೆ ಹೊರಪದರ ಮುಚ್ಚಿಕೊಂಡು ರಸ ಒಳಗೇ ಉಳಿಯುತ್ತದೆ ಎಂಬ ಮಾತು 19ನೆಯ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಕಾಲದಿಂದ ನಡೆದುಬಂದಿದ್ದರೂ ಅದು ನಿಜವಲ್ಲ. ಬಾಣಲೆಯಲ್ಲಿ ಕೇಳುವ ಚುರ್ ಎಂಬ ಸದ್ದೇ ರಸದ ನೀರು ಹೊರಬಂದು ಆವಿಯಾಗುತ್ತಿರುವ ಸದ್ದು. ಹುರಿಯುವುದು ರುಚಿಗಾಗಿ ಮಾತ್ರ, ಆದ್ದರಿಂದ ಬಣ್ಣ ಬಂದ ಮೇಲೆ ಒಂದು ಕ್ಷಣವೂ ಹೆಚ್ಚು ಬಿಡಬೇಡಿ. ಬೇಕೆನಿಸಿದರೆ ಉರಿ ತಗ್ಗಿಸಿ, ಒಂದು ತುಂಡು ಬೆಣ್ಣೆ ಮತ್ತು ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ, ಬಾಣಲೆಯನ್ನು ಓರೆ ಮಾಡಿ, ನೊರೆಯೇಳುವ ಬೆಣ್ಣೆಯನ್ನು ಚಮಚದಿಂದ ಸ್ಟೇಕ್‌ನ ಮೇಲೆ ಅರ್ಧ ನಿಮಿಷ ಸುರಿಯಬಹುದು. ಕಾಳುಮೆಣಸಿನ ಪುಡಿ ಈ ಕಾವಿಗೆ ಸೀದು ಕಮಟಾಗುವುದರಿಂದ ಇಳಿಸಿದ ಮೇಲೆಯೇ ಕಾಳುಮೆಣಸನ್ನು ತರಿತರಿಯಾಗಿ ಕುಟ್ಟಿ ಉದುರಿಸಿ.

ಒವನ್ ಇಲ್ಲದವರು ಬಾಣಲೆಯೊಂದರಲ್ಲೇ ಇದಕ್ಕೆ ಹತ್ತಿರದ ಫಲ ಪಡೆಯಬಹುದು. ಮಧ್ಯಮ ಉರಿಯಲ್ಲಿ ಸ್ಟೇಕನ್ನು ಇಟ್ಟು, ಅರ್ಧ ನಿಮಿಷಕ್ಕೊಮ್ಮೆ ತಿರುವುತ್ತಲೇ ಇರಬೇಕು. ಒಮ್ಮೆ ಮಾತ್ರ ತಿರುವಬೇಕೆಂಬ ಕಟ್ಟಳೆಗೆ ಆಧಾರವಿಲ್ಲ. ಪದೇ ಪದೇ ತಿರುವಿದಾಗ ಯಾವ ಮುಖವೂ ಅತಿಯಾಗಿ ಕಾಯದೆ, ಒಳಭಾಗ ಹೆಚ್ಚು ಸಮನಾಗಿಯೂ ಬೇಗವಾಗಿಯೂ ಬೇಯುತ್ತದೆ. ಈ ಕ್ರಮದಲ್ಲಿ ಇಳಿಸಿದ ಮೇಲೆ ಎಂಟು ಹತ್ತು ನಿಮಿಷ ಬಿಡಬೇಕಾಗುತ್ತದೆ, ಏಕೆಂದರೆ ಹೊರಭಾಗ ಒಳಭಾಗಕ್ಕಿಂತ ಬಹಳ ಬಿಸಿಯಾಗಿರುತ್ತದೆ. ಒವನ್ ಕ್ರಮದಲ್ಲಿ ಆ ಅಂತರ ಕಡಿಮೆಯಾದ್ದರಿಂದ ಮೂರು ನಾಲ್ಕು ನಿಮಿಷ ಸಾಕು, ಗರಿಯಾದ ಹೊರಮೈ ಮೆತ್ತಗಾಗುವ ಮೊದಲೇ ಬಡಿಸಬಹುದು.

ಕತ್ತರಿಸುವ ಮೊದಲು ಮಾಂಸದ ಎಳೆಗಳು ಯಾವ ದಿಕ್ಕಿಗೆ ಓಡುತ್ತಿವೆಯೆಂದು ನೋಡಿ, ಅವುಗಳಿಗೆ ಅಡ್ಡಲಾಗಿ, ಹರಿತವಾದ ಚಾಕುವಿನಿಂದ ಕಿರುಬೆರಳ ದಪ್ಪದ ಹೋಳುಗಳಾಗಿ ಕೊಯ್ಯಿರಿ. ಎಳೆಗಳು ಗಿಡ್ಡವಾದಷ್ಟೂ ಅಗಿಯುವುದು ಸುಲಭ. ಹಲಗೆಯ ಮೇಲೆ ಹರಿದ ರಸವನ್ನು ಚೆಲ್ಲದೆ ಹೋಳುಗಳ ಮೇಲೆಯೇ ಸುರಿಯಿರಿ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮಾರನೆಯ ದಿನ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಮಾಡಿದ ಹದವೆಲ್ಲ ಹೋಗುವುದರಿಂದ, ತಣ್ಣಗಿರುವಾಗಲೇ ತೆಳ್ಳಗೆ ಹೆಚ್ಚಿ, ಈರುಳ್ಳಿ ಮತ್ತು ನಿಂಬೆರಸದೊಡನೆ ಬೆರೆಸಿ ಬ್ರೆಡ್ಡಿನ ನಡುವೆ ಇಟ್ಟು ತಿನ್ನುವುದು ಮೇಲು.